ಆಫೀಸ್‌ನಲ್ಲಿ, ಅಕ್ಕಪಕ್ಕದಲ್ಲಿ ಯೇಸು ಸ್ವಾಮಿ ಬಗ್ಗೆ ಮಾತು ಬಂದ್ರೆ ಒಬ್ಬೊಬ್ಬರದು ಒಂದೊಂದು ರಿಯಾಕ್ಷನ್, ನೀವೆಲ್ಲ ಹೇಗೆ ನಿಭಾಯಿಸ್ತೀರ?

ಅಕೌಂಟ್ಸ್ ಹುಡುಗ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ, ಸಭೆಯವರಿಗೆ ಸ್ತೋತ್ರ. ಸೀದಾ ವಿಷಯಕ್ಕೆ ಬರ್ತೀನಿ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೂರು ತಲೆಮಾರಿಂದ ಕ್ರೈಸ್ತರು, ನಾನು ಒಂದು ಆಫೀಸ್‌ನಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಮಧ್ಯಾಹ್ನ ಊಟ ಬಿಡ್ತಿದ್ದೆ, ಯಾಕೆ ಅಂತ ಕೇಳಿದ್ರು, ಹೇಳಿದೆ ಅಷ್ಟೆ, ಭಾಷಣ ಏನೂ ಮಾಡ್ಲಿಲ್ಲ. ಹಾಸನ ಕಡೆಯ ಒಬ್ರು ಸೀನಿಯರ್ ಅಣ್ಣ ಪೂರ್ತಿ ಕೇಳಿಸ್ಕೊಂಡು ಸಾಯಂಕಾಲ ಲಿಫ್ಟ್ ಹತ್ರ ಬಂದು ನಮ್ಮಮ್ಮಂಗೆ ಆಪರೇಷನ್ ಇದೆ ಕಣೋ, ನಿಮ್ ದೇವರ ಹತ್ರಾನೂ ಒಂದ್ಮಾತು ಹೇಳು ಅಂದ್ರು. ಪಕ್ಕದ ಸೀಟ್‌ನವನು ಅವತ್ತಿಂದ ಟೀಮ್ ಗ್ರೂಪ್‌ಗೆ ಮತಾಂತರದ ನ್ಯೂಸ್ ಎಲ್ಲಿ ಬಂದ್ರೂ ನನ್ನ ಟ್ಯಾಗ್ ಮಾಡಿ ಹಾಕ್ತಾನೆ. ಇನ್ನೊಬ್ರು ಸಿಸ್ಟರ್, ಬೇರೆ ಸಭೆಯವರು, ಅಷ್ಟೇನಾ ಹೇಳಿದ್ದು, ಚರ್ಚ್‌ಗೆ ಕರೀಬೇಕಿತ್ತು, ಅರ್ಧ ಸುವಾರ್ತೆ ಹೇಳಿ ಬಿಟ್ಟಿದೀಯ ಅಂತ ನನಗೇ ಕ್ಲಾಸ್ ತಗೊಂಡ್ರು. ಮನೇಲಿ ಅಪ್ಪ, ಸುಮ್ನೆ ಇರು, ಕೆಲಸಕ್ಕೆ ಕುತ್ತು ತರ್ಕೋಬೇಡ ಅಂತಾರೆ.

ಒಂದೇ ಮಾತಿಗೆ ನಾಲ್ಕು ಕಡೆಯಿಂದ ನಾಲ್ಕು ಥರ. ನೀವು ಏನ್ ಮಾಡ್ತೀರ? ಆಯುಧಪೂಜೆ ದಿನ ಪ್ರಸಾದ ಕೊಟ್ರೆ ಏನ್ ಮಾಡ್ತೀರ ಅಂತಾನೂ ಹೇಳಿ, ಅದು ಪ್ರತಿ ವರ್ಷದ ತಲೆನೋವು.

ಕಂಕನಾಡಿ ಬಾಯಿ

ನಿಮ್ಮಲ್ಲಿ ಮಾತು ಸ್ವಲ್ಪ ಜಾಸ್ತಿ ಮಾರಾಯ್ರೆ, ಬೇಜಾರು ಮಾಡ್ಬೇಡಿ, ತಮಾಷೆಗೆ ಹೇಳಿದ್ದು. ನಾವು ಕೊಂಕಣಿ ಕ್ಯಾಥೊಲಿಕರು, ಬಾಯಲ್ಲಿ ಹೇಳುದು ಕಡಿಮೆ. ಡಿಸೆಂಬರ್ ಬಂದ್ರೆ ಮನೆಯಲ್ಲಿ ಕುಸ್ವಾರ್, ಅಂದ್ರೆ ಕ್ರಿಸ್ಮಸ್ ತಿಂಡಿ, ಮಾಡ್ಲಿಕ್ಕೆ ಕೂತುಕೊಳ್ಳುದು, ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕಿ ಎಲ್ಲ. ರೋಸ್ ಕುಕ್ಕಿಯ ಅಚ್ಚು ಎಣ್ಣೆಯಲ್ಲಿ ಸರಿ ಕಾಯದಿದ್ರೆ ಹಿಟ್ಟು ಬಿಡುದೇ ಇಲ್ಲ, ಅದಕ್ಕೆ ಪಕ್ಕದ ಮನೆಯ ಭಟ್ರ ಹೆಂಡತಿಯೇ ಬಂದು ಅಚ್ಚು ಹಿಡಿಯುದು, ಅವರ ಕೈ ಚಂದ. ಮೊಟ್ಟೆ ಹಾಕುವ ಮೊದಲು ಅವರಿಗೆ ಬೇರೆ ಹಿಟ್ಟು ತೆಗೆದಿಡ್ತೇನೆ. ಚೌತಿಗೆ ಅವರ ಮನೆ ಪಂಚಕಜ್ಜಾಯ ನಮಗೆ, ಕ್ರಿಸ್ಮಸ್‌ಗೆ ನಮ್ಮದು ಅವರಿಗೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ನಮ್ಮಲ್ಲಿ ಬರೀ ಸಸ್ಯಾಹಾರ, ಹೊಸ ತೆನೆ ಊಟ, ಅವತ್ತು ಅವರು ನಮ್ಮಲ್ಲೇ ಉಣ್ಣುದೂ ಉಂಟು.

ಒಮ್ಮೆ ಅವರೇ ಕೇಳಿದ್ರು, ಬಾಯಿ ನೀವು ಮಳೆಗಾಲದಲ್ಲೂ ಬೆಳಿಗ್ಗೆ ಬೆಳಿಗ್ಗೆ ಕೊಡೆ ಹಿಡ್ಕೊಂಡು ಇಗರ್ಜಿಗೆ (ಚರ್ಚಿಗೆ) ಹೋಗುದು ಎಂತಕ್ಕೆ ಅಂತ. ಆಗ ಹೇಳಿದೆ, ನಮ್ಮವರು ತೀರಿಹೋದ ವರ್ಷ ನಾನು ಯಾರತ್ರವೂ ಮಾತಾಡ್ಲಿಕ್ಕೆ ಆಗದೆ ಇದ್ದದ್ದು, ಆ ಪೂಜೆಯ ಬೆಂಚಿನಲ್ಲಿ ಕೂತೇ ನಾನು ಸರಿಯಾದದ್ದು ಅಂತ. ಅವರು ಕೇಳಿದ್ರು, ಹೌದಾ ಅಂದ್ರು, ಚಾ ಕುಡಿದು ಹೋದ್ರು. ಅಷ್ಟೆ. ಇನ್ನೆಂತ ಆಗ್ಬೇಕು?

ಕೆಜಿಎಫ್ ಬ್ರದರ್

ಬಾಯಿ ಅವರೇ ಗೌರವದಿಂದಲೇ ಹೇಳ್ತೀನಿ, ಅಷ್ಟೆ ಅಂತ ನಿಲ್ಲೋಕೆ ನನ್ನಿಂದ ಆಗಲ್ಲ. ನಮ್ಮಪ್ಪ ದಿನಾ ಕುಡಿದು ಬರೋರು, ಸಂಬಳದ ದಿನ ಅಮ್ಮ ನಮ್ಮನ್ನ ಕರ್ಕೊಂಡು ಪಕ್ಕದ ಮನೆ ಹಿತ್ತಲಲ್ಲಿ ಬಚ್ಚಿಟ್ಕೊಳ್ಳೋರು. ಆ ಲೈನ್ ಮನೆಗಳಿಗೆ ಸೈಕಲ್‌ನಲ್ಲಿ ಒಬ್ರು ಪಾಸ್ಟರ್ ಬಂದು ತಮಟೆ ಥರ ಒಂದು ಟ್ಯಾಂಬರಿನ್ ಬಡ್ಕೊಂಡು ಹಾಡೋರು, ಜನ ಬೈಯೋರು, ನೀರು ಎರಚಿದ್ದೂ ಇದೆ, ಮತ್ತೆ ಬರೋರು. ಅಪ್ಪ ಬೈಯೋಕೆ ಅಂತಾನೇ ಎದ್ದು ಹೋಗಿ ಅವರ ಹತ್ರ ಮಾತಿಗೆ ಬಿದ್ದಿದ್ದು. ಆಮೇಲೆ ಕುಡಿತ ಬಿಡೋಕೆ ಎಷ್ಟೋ ತಿಂಗಳು ಹಿಡೀತು, ನಡುವೆ ಜಾರಿದ್ರು, ಆ ಪಾಸ್ಟರ್ ಕೈ ಬಿಡ್ಲಿಲ್ಲ. ಇವತ್ತು ಅಪ್ಪ ಮೊಮ್ಮಕ್ಕಳನ್ನ ಸಂಡೇ ಸ್ಕೂಲ್‌ಗೆ ಬಿಟ್ಟು ಬರ್ತಾರೆ. ಆ ಪಾಸ್ಟರ್ ಮರ್ಯಾದೆಗೆ ಅಂಜಿ ಮನೇಲಿ ಕೂತಿದ್ರೆ ನಮ್ಮ ಮನೆ ಏನಾಗ್ತಿತ್ತು? ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರ 10ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಕೇಳೋದೂ ಅದೇ ತಾನೇ, ಸಾರುವವರೇ ಇಲ್ಲದಿದ್ರೆ ಕೇಳೋದು ಹೇಗೆ ಅಂತ. ಕುಸ್ವಾರ್ ತಿಂದು ಯಾರೂ ಕುಡಿತ ಬಿಡಲ್ಲ.

ಕಂಕನಾಡಿ ಬಾಯಿ

ನಮ್ಮ ಕುಸ್ವಾರ್ ನೀವು ತಿಂದಿಲ್ಲ, ಅದಕ್ಕೆ ಹಾಗೆ ಹೇಳುದು. ನಿಮ್ಮ ಅಪ್ಪನ ವಿಷಯ ಓದಿ ಖುಷಿಯಾಯ್ತು ಮಾರಾಯ್ರೆ, ನಿಜವಾಗಿ.

ಜಯನಗರ 4ನೇ ಬ್ಲಾಕ್

ನಾನು ಕ್ರಿಶ್ಚಿಯನ್ ಅಲ್ಲ, ಸಂಪ್ರದಾಯಸ್ಥರ ಮನೆ, ಕುತೂಹಲಕ್ಕೆ ಓದ್ತಿದ್ದೆ. ಎದುರು ಕಡೆಯಿಂದ ಹೇಗೆ ಕಾಣುತ್ತೆ ಅಂತ ಒಂಚೂರು ಹೇಳಬಹುದಾ, ಜಗಳಕ್ಕಲ್ಲ.

ನಮ್ಮಪ್ಪ ಐಸಿಯುನಲ್ಲಿದ್ದಾಗ ಹಳೇ ಪರಿಚಯದವರೊಬ್ರು ಬಂದು ಪ್ರಾರ್ಥನೆ ಮಾಡ್ಲಾ ಅಂದ್ರು, ಮಾಡಿ ಅಂದೆ, ಆ ಟೈಮಲ್ಲಿ ಯಾರು ಏನ್ ಮಾಡಿದ್ರೂ ಒಳ್ಳೇದೇ ಅನ್ಸುತ್ತೆ. ಎರಡು ದಿನ ಬಿಟ್ಟು, ಮನೇಲಿರೋ ವಿಗ್ರಹ ತೆಗೆದ್ರೆ ಬಿಡುಗಡೆ ಆಗುತ್ತೆ ಅಂದ್ರು. ನಾನು ಬೇಡ ಅಂದೆ, ಮೆತ್ತಗೇ ಅಂದೆ. ಅವತ್ತಿಂದ ಅವರು ಬರೋದೂ ನಿಂತ್ಹೋಯ್ತು, ಫೋನೂ ಇಲ್ಲ, ಅಪ್ಪ ಹೋದಾಗ ಬರಲೂ ಇಲ್ಲ. ನನಗೆ ಅವರ ನಂಬಿಕೆ ಬಗ್ಗೆ ಸಿಟ್ಟಿಲ್ಲ. ಆದ್ರೆ ಅಷ್ಟು ವರ್ಷದ ಸ್ನೇಹ ಪೂರ್ತಿ ಈ ಒಂದು ಕೇಳಿಕೆಗೋಸ್ಕರ ಇಟ್ಕೊಂಡಿದ್ದ ಪೀಠಿಕೆ ಆಗಿತ್ತಾ ಅನ್ನೋದು ಇವತ್ತಿಗೂ ಕೊರೀತಾ ಇದೆ.

ಹಾಗಾಗಿ ಅಕೌಂಟ್ಸ್ ಹುಡುಗ ಅವರೇ, ಜನ ಹೇಗೆ ರಿಯಾಕ್ಟ್ ಮಾಡ್ತಾರೆ ಅಂತ ನೀವು ಕೇಳ್ತಿದೀರ, ನಾನು ಕೇಳೋದು ಉಲ್ಟಾ. ನಾವು ಬೇಡ ಅಂದಾಗ ನಿಮ್ಮ ರಿಯಾಕ್ಷನ್ ಏನು? ನಾಳೆ ಬೆಳಿಗ್ಗೆ ಅದೇ ಮುಖ ಇಟ್ಕೊಂಡು ಕಾಫಿಗೆ ಕರೀತೀರಾ? ಕರೆದ್ರೆ ನೀವು ಏನ್ ಬೇಕಾದ್ರೂ ಹೇಳಿ, ಕೇಳ್ತೀನಿ. ಇನ್ನೊಬ್ರ ದೇವರನ್ನ ಸೈತಾನ ಅನ್ನೋದು ಮಾತ್ರ ಬಿಡಿ ದಯವಿಟ್ಟು.

ಬೆಟಗೇರಿಯವ

ಜಯನಗರದ ಸರ್, ನಿಮ್ಮ ಮಾತಿಗೆ ನಂದು ಪೂರಾ ಒಪ್ಪಿಗಿ ಐತ್ರಿ, ನಮ್ಮವ್ರ ಪರವಾಗಿ ಕ್ಷಮಾ ಕೇಳಾಕ ನಾ ಯಾರು ಅಲ್ಲ ಆದ್ರೂ ಓದಿ ಭಾಳ ಕೆಟ್ಟನಿಸ್ತು.

ನಮ್ಮೂರಾಗ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಕ್ರೈಸ್ತ ಮಿಷನ್ನವ್ರ, ಬಾಸೆಲ್ ಮಿಷನ್ನವ್ರ, ದವಾಖಾನಿ ಐತಿ, ಮಂದಿ ಇನ್ನೂ ಜರ್ಮನ್ ದವಾಖಾನಿ ಅಂತನ ಕರೀತಾರ. ನೇಕಾರ್ರು, ರೈತ್ರು, ಎಲ್ಲಾ ಜಾತಿ ಮಂದಿ ಅಲ್ಲೇ ಹಡೆದಾರ, ಅಲ್ಲೇ ಕಣ್ಣು ಮುಚ್ಚ್ಯಾರ, ಹೊರಗ ಬಂದು ತಮ್ಮ ತಮ್ಮ ಗುಡಿಗೆ ಕಾಯಿ ಒಡಿಸ್ಕೊಂಡು ಮನಿಗೆ ಹೋಗ್ಯಾರ. ಅದಕ್ಕ ಯಾರೂ ಸೋತ್ವಿ ಅಂತ ಅಂದಿದ್ದಿಲ್ಲ.

ಇತಿಹಾಸ ನೋಡಿದ್ರ ಈ ಮಿಶ್ರ ಪ್ರತಿಕ್ರಿಯೆ ಅನ್ನೋದು ಹೊಸಾದೇನಲ್ರಿ. ಬಾಸೆಲ್‌ನವ್ರು ಮಂಗಳೂರಿಗೆ ಬಂದದ್ದು 1834ರಾಗ. ಹತ್ತು ವರ್ಷಕ್ಕ, ಅಂದ್ರ 1844ಕ್ಕ, ಅವ್ರ ಇಂಗ್ಲಿಷ್ ಸಾಲ್ಯಾಗ ಓದಾಕತ್ತಿದ್ದ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ತಗೊಂಡು ಕ್ರೈಸ್ತ ಆದಾಗ ಊರಿಗೆ ಊರೇ ಎದ್ದು ನಿಂತಿತ್ತು. ಮುಂದ ಅವ ಬಾಸೆಲ್‌ಗೆ ಹೋಗಿ ಓದಿ ಬಂದು ಇಲ್ಲೇ ಮಿಷನರಿ ಆಗಿ ದುಡಿದ. ಆ ಗದ್ದಲದ ಹಿಂದಿನ ವರ್ಷನ, 1843ರಾಗ, ಅದೇ ಮಿಷನ್ನಿನ ಮೋಗ್ಲಿಂಗ್ ಸಾಹೇಬ್ರು ಮಂಗಳೂರ ಸಮಾಚಾರ ಸುರು ಮಾಡಿದ್ರು, ಕನ್ನಡದ ಮೊದಲನೇ ಪತ್ರಿಕಿ. ದಾಸರ ಪದ ಒಟ್ಟು ಮಾಡಿ ಅಚ್ಚು ಹಾಕ್ಸಿದ್ದೂ ಅವ್ರೇ ನೋಡ್ರಿ! ಅದೇ ಮಿಷನ್ನಿನ ಕಿಟೆಲ್‌ರ ಕಥಿ ಇನ್ನೂ ಮಜಾ ಐತಿ, 1853ಕ್ಕ ಬಂದ್ರು, ಯೇಸುವಿನ ಚರಿತ್ರಾ ಕನ್ನಡ ಛಂದಸ್ಸಿನ್ಯಾಗ ಬರದ್ರು, ಶಬ್ದಮಣಿದರ್ಪಣ, ಛಂದೋಂಬುಧಿಯಂಥಾ ಹಳಗನ್ನಡ ಗ್ರಂಥ ಎಲ್ಲಾ ಸಂಪಾದಿಸಿದ್ರು, 1894ಕ್ಕ ಅವ್ರ ಕನ್ನಡ-ಇಂಗ್ಲಿಷ್ ನಿಘಂಟು ಹೊರಗ ಬಂತು, ಸುಮಾರು 70,000 ಶಬ್ದ. ಅವ್ರಿಂದ ಎಷ್ಟು ಮಂದಿ ಕ್ರೈಸ್ತರಾದ್ರು ಅಂತ ಇವತ್ತು ಯಾರೂ ಕೇಳಂಗಿಲ್ಲ, ಬೆಂಗಳೂರಾಗ ಮೂರ್ತಿ ನಿಲ್ಲಿಸ್ಯಾರ.

ಜಯನಗರ 4ನೇ ಬ್ಲಾಕ್

ಕಿಟೆಲ್ ನಿಘಂಟು ನಮ್ಮನೇಲೂ ಇತ್ತು, ತಾತಂದು. ಆದ್ರೆ ಬೆಟಗೇರಿ ಸರ್, ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ, ನೇಯ್ಗೆ, ಪ್ರೆಸ್, ಇದೆಲ್ಲ ಮತಾಂತರ ಆದವರಿಗೆ ಕೆಲಸ ಕೊಡೋಕೆ ಶುರು ಮಾಡಿದ್ದಲ್ವಾ? ಆಮಿಷ ಅಂತ ಜನ ಹೇಳೋದು ಅದನ್ನೇ.

ಬೆಟಗೇರಿಯವ

ನ್ಯಾಯವಾದ ಪ್ರಶ್ನಿ. ಒಂದು ಮಾತ್ರ ನೋಡ್ರಿ, ಆ ಕಾಲಕ್ಕ ದೀಕ್ಷಾಸ್ನಾನ ಆತಂದ್ರ ಮನಿ ಹೋತು, ಹೊಲ ಹೋತು, ಜಾತಿ ಕಸುಬು ಹೋತು, ಬಾವಿ ನೀರೂ ಇಲ್ಲ. ಹೊರಗ ಹಾಕಿದ ಮಂದಿ ಹೊಟ್ಟಿಗೆ ಏನ್ ತಿನ್ನಬೇಕು? 1865ಕ್ಕ ಮಂಗಳೂರಿನ ಜೆಪ್ಪುದಾಗ ಹೆಂಚಿನ ಕಾರ್ಖಾನಿ ಸುರು ಆದದ್ದರ ಹಿಂದ ಆ ಪ್ರಶ್ನಿನೂ ಇತ್ತು. ಕೆಲಸ ನೋಡೇ ಬಂದ ಮಂದಿ ಇದ್ದಿದ್ದಿಲ್ಲ ಅಂತ ನಾ ಹೇಳಂಗಿಲ್ಲ, ಇದ್ದೇ ಇರ್ತಾರ. ಎರಡೂ ಖರೇನ.

ಲಾ ಓದ್ತಿರೋನು

ಕಾನೂನಿನ ಕಡೆ ಸ್ವಲ್ಪ. ಸಂವಿಧಾನದ 25ನೇ ವಿಧಿ ಧರ್ಮ ನಂಬೋಕೆ, ಆಚರಿಸೋಕೆ, ಪ್ರಚಾರ ಮಾಡೋಕೆ ಹಕ್ಕು ಕೊಡುತ್ತೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರಲ್ಲಿ ಸ್ಟಾನಿಸ್ಲಾಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಪ್ರಚಾರ ಅಂದ್ರೆ ನಿಮ್ಮ ಧರ್ಮದ ತತ್ವ ವಿವರಿಸಿ ಹೇಳೋದು, ಇನ್ನೊಬ್ಬರನ್ನ ಮತಾಂತರ ಮಾಡೋ ಹಕ್ಕು ಅದರಲ್ಲಿ ಬರಲ್ಲ ಅಂತ. ಆ ತೀರ್ಪನ್ನ ಒಪ್ಪದ ಕಾನೂನು ಪಂಡಿತರು ಬೇಕಾದಷ್ಟು ಜನ ಇದಾರೆ, ಅದು ಬೇರೆ ಚರ್ಚೆ.

ನಮ್ಮ ರಾಜ್ಯದಲ್ಲಿ 2022ರ ಮತಾಂತರ ತಡೆ ಕಾಯ್ದೆ ತಂದ್ರಲ್ಲ, ಅದರ ಪ್ರಕಾರ ಮತ ಬದಲಾಯಿಸೋರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಡಿಕ್ಲರೇಷನ್ ಕೊಡಬೇಕು, ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೇಲಿ ಫ್ರೀ ಶಿಕ್ಷಣ ಇದೆಲ್ಲ ಆಮಿಷದ ವ್ಯಾಖ್ಯಾನದಲ್ಲಿ ಬರುತ್ತೆ, ತಪ್ಪು ಮಾಡಿಲ್ಲ ಅಂತ ಸಾಬೀತು ಮಾಡೋ ಹೊಣೆ ಆರೋಪಿ ಮೇಲೆ. ಅದನ್ನ ರದ್ದು ಮಾಡ್ತೀವಿ ಅಂತ 2023ರ ಜೂನ್‌ನಲ್ಲಿ ಕ್ಯಾಬಿನೆಟ್ ತೀರ್ಮಾನ ತಗೊಂಡ್ರು. ಲಂಚ್ ಟೇಬಲ್‌ನಲ್ಲಿ ಯಾಕೆ ಉಪವಾಸ ಅಂತ ಕೇಳಿದ್ದಕ್ಕೆ ಉತ್ತರ ಹೇಳೋದು ಇದ್ಯಾವುದರಲ್ಲೂ ಅಪರಾಧ ಅಲ್ಲ. ಗ್ರೂಪ್‌ನಲ್ಲಿ ಟ್ಯಾಗ್ ಮಾಡಿದ್ದಕ್ಕೆ ಗ್ರೂಪ್‌ನಲ್ಲೇ ಉತ್ತರ ಕೊಡೋಕೆ ಹೋಗಬೇಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಅತಿಯಾದ್ರೆ ಎಚ್‌ಆರ್‌ಗೆ ಹೇಳಿ.

ಕೊಳ್ಳೇಗಾಲದವ್ನು

ಎಲ್ರೂ ಹೊರಗಿನವರ ರಿಯಾಕ್ಷನ್ನೇ ಮಾತಾಡ್ತಾವ್ರೆ, ಒಳಗಿನದು? ನಮ್ಮ ತಾತ ಕ್ರೈಸ್ತರಾಗಿದ್ದು ಕೇರಿಯಿಂದ ಹೊರಗೆ ತಲೆ ಎತ್ತಿ ನಡೀಬೇಕು ಅಂತ. ಸರ್ಕಾರದ ಪಾಲಿಗೆ ನಾವು 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಲ್ಲ. ಸಿಖ್ಖರನ್ನ 1956ರಲ್ಲಿ, ಬೌದ್ಧರನ್ನ 1990ರಲ್ಲಿ ಸೇರಿಸಿದ್ರು, ನಮ್ಮನ್ನ ಇಲ್ಲ. ಸರಿ, ಆ ನಷ್ಟ ಗೊತ್ತಿದ್ದೇ ತಡ್ಕೊಂಡ್ವಿ. ಆದ್ರೆ ಚರ್ಚ್ ಒಳಗೆ ಮದುವೆ ಮಾತು ಬಂದಾಗ ಯಾವ ಕಡೆಯವ್ರು, ತಾತನ ಊರು ಯಾವ್ದು ಅಂತ ಸುತ್ತಿ ಬಳಸಿ ಕೇಳ್ತಾರಲ್ಲ, ಏನು ಕೇಳ್ತಾವ್ರೆ ಅಂತ ನಮಗೆ ಅರ್ಥ ಆಗಲ್ವಾ? ನನ್ನ ಫ್ರೆಂಡ್ ಒಬ್ಬ, ಕ್ರೈಸ್ತ ಅಲ್ಲ, ನನ್ನ ಕೇಳ್ದ, ನಿಮ್ಮಲ್ಲಿ ಎಲ್ರೂ ಒಂದೇ ಅಂತೀಯಲ್ಲ ನಿಮ್ಮಕ್ಕನ್ನ ಆ ಮನೆಯವ್ರು ಯಾಕೆ ಒಪ್ಪಲಿಲ್ಲ ಅಂತ. ಹೇಳೋದು ಆಚಾರ ತಿನ್ನೋದು ಬದನೆಕಾಯಿ. ಅವತ್ತು ನನ್ನ ನಂಬಿಕೆ ಬಗ್ಗೆ ನಾನು ಹೇಳೋ ಸಾಕ್ಷಿ ಅಲ್ಲೇ ಮುಗೀತು. ಕರಪತ್ರ ಹಂಚೋ ಮುಂಚೆ ಇದನ್ನ ನೋಡ್ಕಳಿ.

ಆದ್ರೂ ನಾನ್ಯಾಕೆ ಇನ್ನೂ ಹೋಗ್ತೀನಿ ಅಂದ್ರೆ, ನಮ್ಮ ತಾತಂಗೆ ಮೊದಲ ಸಲ ಅಯ್ಯ ಅಂತ ಕರೆದು ಪಕ್ಕದಲ್ಲಿ ಕೂರಿಸ್ಕೊಂಡಿದ್ದು ಆ ಸಭೇಲೇ. ಅದು ಸುಳ್ಳಲ್ಲ.

ಕೆಜಿಎಫ್ ಬ್ರದರ್

ಬ್ರದರ್ ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಮ್ಮ ಸಭೇಲೂ ಇದೆ.

ದುಬೈ ಕನ್ನಡಿಗ

ಇಲ್ಲಿಂದ ಚಿಕ್ಕದಾಗಿ. ಇಲ್ಲಿ ಚರ್ಚ್ ಕಾಂಪೌಂಡ್ ಒಳಗೆ ಎಷ್ಟು ಭಾಷೇಲಿ ಬೇಕಾದ್ರೂ ಆರಾಧನೆ ಮಾಡಿ, ಹೊರಗೆ ಪ್ರಚಾರಕ್ಕೆ ಅವಕಾಶ ಇಲ್ಲ, ಕಾನೂನು ಖಡಕ್. ಹಾಗಾಗಿ ನಾವು ಹೇಗಿದೀವಿ ಅನ್ನೋದೇ ಉಳಿಯೋದು. ಲೇಬರ್ ಕ್ಯಾಂಪ್‌ನಲ್ಲಿ ಯಾರಾದ್ರೂ ಊರಿನವರಿಗೆ ಸಂಬಳ ನಿಂತ್ರೆ ನಮ್ಮ ಕನ್ನಡ ಸಭೆಯವರು ಅಕ್ಕಿ ಬೇಳೆ ತಗೊಂಡು ಹೋಗ್ತಾರೆ, ಯಾವ ಧರ್ಮ ಅಂತ ಕೇಳಲ್ಲ, ಕೇಳೋ ಹಾಗೂ ಇಲ್ಲ. ಒಂದೊಂದ್ಸಲ ಅನ್ಸುತ್ತೆ ಈ ಕಟ್ಟುಪಾಡು ನಮಗೇ ಒಳ್ಳೇದು ಮಾಡ್ತು ಅಂತ. ವೀಕೆಂಡ್ 2022ರಲ್ಲಿ ಶನಿವಾರ ಭಾನುವಾರಕ್ಕೆ ಬದಲಾಗೋವರೆಗೂ ಶುಕ್ರವಾರವೇ ನಮ್ಮ ದೊಡ್ಡ ಆರಾಧನೆ, ಊರಲ್ಲಿ ಹೇಳಿದ್ರೆ ನಗೋರು.

ಅಕೌಂಟ್ಸ್ ಹುಡುಗ (ಬೆಂಗಳೂರು)

ಇಷ್ಟು ರಿಪ್ಲೈ ನಿರೀಕ್ಷೆ ಮಾಡಿರ್ಲಿಲ್ಲ. ಹಾಸನದ ಅಣ್ಣನ ಅಮ್ಮಂದು ಆಪರೇಷನ್ ಆಯ್ತು, ಮನೆಗೆ ಬಂದಿದಾರೆ, ಅಣ್ಣ ಚರ್ಚ್ ಬಗ್ಗೆ ಮತ್ತೆ ಏನೂ ಕೇಳಿಲ್ಲ, ನಾನೂ ಎತ್ತಿಲ್ಲ. ಸಿಸ್ಟರ್ ಮಾತ್ರ ಈಗ್ಲೇ ಹೇಳೋಕೆ ಸರಿಯಾದ ಸಮಯ ಅಂತ ಒತ್ತಾಯ ಮಾಡ್ತಿದಾರೆ. ಪ್ರಸಾದದ ವಿಷಯ ಯಾರೂ ಮುಟ್ಟಲೇ ಇಲ್ಲ, ಎಲ್ರೂ ಜಾಣರು.

ಹಳೇ ಅಯ್ಯನೋರು

ನಾನು ನಿವೃತ್ತ ಸಭಾಪಾಲಕ, ಟೈಪ್ ಮಾಡೋದು ನಿಧಾನ, ತಡವಾಯ್ತು.

ಮಗನೇ, ಅಪೊಸ್ತಲರ ಕೃತ್ಯಗಳು 17 ಓದು. ಅಥೇನೆಯಲ್ಲಿ ಪೌಲ ಗ್ರೀಕ್ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡ್ತಾನೆ. ಕೊನೇಲಿ ಕೆಲವರು ಗೇಲಿ ಮಾಡ್ತಾರೆ, ಕೆಲವರು ಇನ್ನೊಂದ್ಸಲ ಕೇಳ್ತೀವಿ ಅಂತಾರೆ, ದಿಯೊನುಸ್ಯ, ದಾಮರಿ ಅಂತ ಕೆಲವೇ ಜನ ನಂಬ್ತಾರೆ. ಗೇಲಿ ಮಾಡಿದವರ ಹಿಂದೆ ಪೌಲ ವಾದಕ್ಕೆ ಹೋಗಲಿಲ್ಲ, ಹೊರಟು ಕೊರಿಂಥಕ್ಕೆ ಹೋದ. ನಿನ್ನ ಆಫೀಸಿನದ್ದೂ ಅದೇ ಲೆಕ್ಕ. ಪಕ್ಕದ ಸೀಟಿನವನನ್ನ ಗೆಲ್ಲೋಕೆ ಹೋಗಬೇಡ, ಅಣ್ಣನನ್ನ ಅಟ್ಟಿಸ್ಕೊಂಡೂ ಹೋಗಬೇಡ. ಯೇಸುವಿನ ಶಿಷ್ಯ ಪೇತ್ರ ಬರೆದಿರೋದು ಕೇಳುವವರಿಗೆ ಉತ್ತರ ಹೇಳು ಅಂತ, ಅದೂ ಸಾತ್ವಿಕವಾಗಿ. ಆ ಅಣ್ಣ ತಾಯಿ ವಿಷಯ ಕೇಳಿದ್ರು, ನೀನು ಪ್ರಾರ್ಥನೆ ಮಾಡಿದೆ. ಅದನ್ನ ಈಗ ಬಿಲ್ ಮಾಡಿ ಕಳಿಸಬೇಡ.

ಜಯನಗರದವರು ಹೇಳಿದ್ದಕ್ಕೆ ನಾನು ಹೆಚ್ಚಾಗಿ ಪ್ರಸಂಗದಲ್ಲಿ ಹೇಳ್ತಿದ್ದ ಒಂದು ಜಾಗ ಇದೆ, ಅದೇ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದ ಕೊನೆ. ಎಫೆಸದಲ್ಲಿ ಪೌಲ ಎರಡು ವರ್ಷಕ್ಕೂ ಮೇಲೆ ಇದ್ದ. ಅರ್ತೆಮೀ ದೇವಿಯ ಹೆಸರಲ್ಲಿ ದೊಂಬಿ ಎದ್ದಾಗ ಆ ಪಟ್ಟಣದ ಅಧಿಕಾರಿ, ಕ್ರೈಸ್ತ ಅಲ್ಲದವನು, ಜನರ ಮುಂದೆ ನಿಂತು ಹೇಳ್ತಾನೆ, ಇವರು ದೇವಸ್ಥಾನ ಕೊಳ್ಳೆ ಹೊಡೆದಿಲ್ಲ, ನಮ್ಮ ದೇವಿಯನ್ನ ದೂಷಿಸಿಯೂ ಇಲ್ಲ ಅಂತ. ನಮ್ಮ ಊರಿನ ಗ್ರಾಮ ಪಂಚಾಯ್ತಿ ಅಧ್ಯಕ್ಷರು ನಮ್ಮ ಬಗ್ಗೆ ಹಾಗೆ ಹೇಳೋಕೆ ಆಗುತ್ತಾ? ಸೈತಾನ ಅಂತ ಕೂಗೋ ಪ್ರಸಂಗಿಗಳು ಆ ವಚನ ಓದೋದೇ ಇಲ್ಲ.

ಪ್ರಸಾದ: 1 ಕೊರಿಂಥ 10ರಲ್ಲಿ ಪೌಲ, ಊಟಕ್ಕೆ ಕರೆದ್ರೆ ಬಡಿಸಿದ್ದನ್ನ ವಿಚಾರಣೆ ಮಾಡದೆ ತಿನ್ನು, ಇದು ಅರ್ಪಿಸಿದ್ದು ಅಂತ ಯಾರಾದ್ರೂ ಹೇಳಿದ್ರೆ ಬಿಡು, ನಿನಗೋಸ್ಕರ ಅಲ್ಲ ಹೇಳಿದವನ ಮನಸ್ಸಾಕ್ಷಿಗೋಸ್ಕರ ಅಂತಾನೆ. ಇದನ್ನೇ ಓದಿ ನಮ್ಮ ಸಭೇಲಿ ಒಬ್ರು ತಗೋತಾರೆ, ಒಬ್ರು ತಗೊಳ್ಳಲ್ಲ. ತಗೊಂಡವನು ತಗೊಳ್ಳದವನನ್ನ ಹೀಯಾಳಿಸಬಾರದು, ತಗೊಳ್ಳದವನು ತಗೊಂಡವನ ತೀರ್ಪು ಮಾಡಬಾರದು. ನಾನು ತಗೊಳ್ಳಲ್ಲ, ಕೈ ಮುಗಿದು ಬೇಡಪ್ಪಾ ಅಂತೀನಿ, ಆದ್ರೆ ಪೂಜೆಗೆ ಮಾವಿನ ತೋರಣ ಕಟ್ಟೋಕೆ ಸ್ಟೂಲ್ ಹಿಡ್ಕೊಂಡು ನಿಂತಿದೀನಿ.

ಕಂಕನಾಡಿ ಬಾಯಿ

ನಾವು ಪಂಚಕಜ್ಜಾಯ ತಿನ್ನುದೇ ಅಯ್ಯನವರೇ. ಎಳ್ಳು ಹಾಕಿದ್ದು ತುಂಬಾ ಒಳ್ಳೆದಿರ್ತದೆ.

ಜಯನಗರ 4ನೇ ಬ್ಲಾಕ್

ಅಯ್ಯನೋರೇ ನಮಸ್ಕಾರ. ಪ್ರಸಾದದ ಬಗ್ಗೆ ಕೊಡೋ ಕಡೆಯವನಾಗಿ ಹೇಳ್ತೀನಿ, ಬೇಡ ಅಂತ ಮುಖ ನೋಡಿ ನಗ್ತಾ ಹೇಳಿದ್ರೆ ನಮಗೇನೂ ಬೇಜಾರಿಲ್ಲ, ನಮ್ಮಲ್ಲೇ ಏಕಾದಶಿ ಅಂತ ತಗೊಳ್ಳದವರು ಇರ್ತಾರೆ. ನಮ್ಮ ಆಫೀಸ್‌ನಲ್ಲಿ ಒಬ್ರು ಎರಡೂ ಕೈಲಿ ಇಸ್ಕೊಂಡು ಥ್ಯಾಂಕ್ಸ್ ಹೇಳಿ, ಪ್ಯಾಂಟ್ರಿಗೆ ಹೋಗಿ ಟಿಶ್ಯೂನಲ್ಲಿ ಸುತ್ತಿ ಡಸ್ಟ್‌ಬಿನ್‌ಗೆ ಹಾಕಿದ್ದನ್ನ ನೋಡಿದೀನಿ. ಕಾಫಿ ಕಪ್ ಹಾಕೋಕೆ ಹೋದಾಗ ಮೇಲ್ಗಡೆನೇ ಇತ್ತು, ಕೊಬ್ಬರಿ, ಸಕ್ಕರೆ, ಒಂದು ದಾಸವಾಳದ ಎಸಳು. ಅದು ಚುಚ್ತು.

ಅಕೌಂಟ್ಸ್ ಹುಡುಗ (ಬೆಂಗಳೂರು)

ಅಯ್ಯನೋರ ಸ್ಟೂಲ್ ಐಡಿಯಾ ನನಗೆ ಸರಿಹೋಗುತ್ತೆ. ಈ ಸಲ ಆಯುಧಪೂಜೆಗೆ ಸಿಸ್ಟಮ್‌ಗಳ ಧೂಳು ಒರೆಸೋದು, ಹೂವು ತರೋದು ನಾನು ಮಾಡ್ತೀನಿ ಅಂತ ಮೊದಲೇ ಹೇಳ್ತೀನಿ, ಪ್ರಸಾದ ಬೇಡ ಅಂತಾನೂ ಮೊದಲೇ ಹೇಳ್ತೀನಿ. ಟ್ಯಾಗ್ ಮಾಡೋನಿಗೆ ಉತ್ತರ ಕೊಡಲ್ಲ. ಸಿಸ್ಟರ್‌ಗೆ ಈ ಚರ್ಚೆ ಲಿಂಕ್ ಕಳ್ಸಿದೆ, ನೋಡಿ ನಿನಗೆ ನಾಚಿಕೆ ಜಾಸ್ತಿ, ನಂಬಿಕೆ ಕಮ್ಮಿ ಅಂತ ರಿಪ್ಲೈ ಮಾಡಿದಾರೆ.

ಕೆಜಿಎಫ್ ಬ್ರದರ್

ಸಿಸ್ಟರ್ ಹೇಳಿದ್ದು ಪೂರ್ತಿ ತಪ್ಪು ಅಂತ ನನಗೆ ಅನ್ಸಲ್ಲ, ಕೆಲವರು ಕಾಯ್ತಾ ಕಾಯ್ತಾ ಜೀವಮಾನ ಪೂರ್ತಿ ಬಾಯೇ ಬಿಡಲ್ಲ, ಅದಕ್ಕೆ ಸಾತ್ವಿಕ ಅಂತ ಹೆಸರಿಡ್ತಾರೆ. ನಾನಂತೂ ಭಾನುವಾರ ಬಸ್ ಸ್ಟ್ಯಾಂಡ್‌ನಲ್ಲಿ ನಿಲ್ಲೋದು ನಿಲ್ಲಸಲ್ಲ. ಮೈಕ್ ಇಲ್ಲ, ಯಾರ ದೇವರ ಹೆಸರೂ ಎತ್ತಲ್ಲ, ಕರಪತ್ರ ಚಾಚ್ತೀನಿ, ತಗೊಂಡ್ರೆ ಸರಿ, ಇಲ್ಲಾಂದ್ರೆ ಬ್ಯಾಗ್‌ಗೆ. ಬೈದವರೂ ಇದಾರೆ, ತಗೊಂಡು ಕಡ್ಲೆಕಾಯಿ ಕಟ್ಟಿದವರೂ ಇದಾರೆ, ಆರು ತಿಂಗಳು ಬಿಟ್ಟು ಫೋನ್ ಮಾಡಿ ಅತ್ತವರೂ ಇದಾರೆ. ಜಯನಗರ ಸಾರ್, ಇದನ್ನೂ ಬಿಡಿ ಅಂತೀರಾ?

ಜಯನಗರ 4ನೇ ಬ್ಲಾಕ್

ಬಿಡಿ ಅನ್ನೋಕೆ ನಾನ್ಯಾರು. ನನಗೆ ಇಷ್ಟ ಆಗಲ್ಲ, ಅದು ನಿಜ, ಬಸ್ ಕಾಯೋನ ಕೈಗೆ ಯಾಕೆ ಕೊಡ್ತೀರ ಅಂತ ಈಗಲೂ ಅನ್ಸುತ್ತೆ, ನಿಮ್ಮಪ್ಪನ ವಿಷಯ ಓದಿದ ಮೇಲೂ. ಆ ಕಡೆ ಬಂದ್ರೆ ಚಾಚಿ, ಬೇಡ ಅಂತೀನಿ, ಆಮೇಲೆ ಒಂದು ಟೀ ಕುಡಿಯೋಣ.

ಕೆಜಿಎಫ್ ಬ್ರದರ್

ಬನ್ನಿ ಸಾರ್. ಭಾನುವಾರ ಆರಾಧನೆ ಮುಗಿಯೋದು ಹನ್ನೆರಡೂವರೆ, ಅದಾದ ಮೇಲೆ ಬನ್ನಿ. ಟೀ ಬದಲು ನಮ್ಮನೇಲಿ ಊಟಾನೇ ಮಾಡಿ, ಅಮ್ಮಂಗೆ ವೆಜ್ ಅಂತ ಮುಂಚೆನೇ ಹೇಳಿಡ್ತೀನಿ.